ಸಭೆಯ ಹಿರೇತನ: ಎಡದೊರೆ ನಾಡಿನಲ್ಲಿ ಅಧ್ಯಕ್ಷತೆ ನಡೆದುಬಂದ ಬಗೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿಕೊಂಡಿರುವ, ಶಾಸನಗಳಲ್ಲಿ ಎಡದೊರೆ ಎರಡು ಸಾವಿರ ಎಂದು ಕರೆಯಲ್ಪಟ್ಟಿರುವ ನಾಡಿನ ಬಹುಭಾಗ ಇಂದು ರಾಯಚೂರು ಜಿಲ್ಲೆಯಲ್ಲಿದ್ದು, ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಗಳ ಸೀಮೆಯಲ್ಲಿರುವ ಬಳಗಾನೂರು ಈ ನಾಡಿನ ಒಂದು ದೊಡ್ಡ ಊರು. ನಾಡಿನ ರಾಜಕೀಯ ಚರಿತ್ರೆಯನ್ನು ಕೋಟೆಗಳ, ಕದನಗಳ ಮತ್ತು ಒಡೆತನ ಕೈಬದಲಾದುದರ ಕಥೆಯಾಗಿ ಬರೆಯುವುದು ರೂಢಿಯಾಗಿದ್ದರೂ, ಅರಸರು ಬದಲಾಗುತ್ತಿದ್ದ ಕಾಲದಲ್ಲಿಯೂ ಊರಿನ ಜನ ಒಂದೆಡೆ ಕೂಡಿ, ಒಬ್ಬರನ್ನು ಮುಂದಿಟ್ಟುಕೊಂಡು, ಕೆರೆ, ಗುಡಿ, ಗಡಿ, ಮದುವೆ, ಸಾಲ, ಜಗಳಗಳ ವಿಷಯದಲ್ಲಿ ತೀರ್ಮಾನಕ್ಕೆ ಬರುತ್ತಿದ್ದ ಪದ್ಧತಿಯ ಚರಿತ್ರೆ ಅದಕ್ಕಿಂತ ಹೆಚ್ಚು ನಿರಂತರವಾದುದು. ಸಭೆಯಲ್ಲಿ ಮುಂದೆ ಕೂರುವವರು ಯಾವ ಹಕ್ಕಿನಿಂದ ಕೂರುತ್ತಾರೆ, ಕೂತವರ ಕೆಲಸ ತೀರ್ಪು ಕೊಡುವುದೋ ಅಥವಾ ಉಳಿದವರ ಮಾತು ಕ್ರಮವಾಗಿ ನಡೆಯುವಂತೆ ನೋಡಿಕೊಳ್ಳುವುದೋ ಎಂಬ ಪ್ರಶ್ನೆಗೆ ಈ ನಾಡು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದು, ಆ ಉತ್ತರಗಳಲ್ಲಿ ಒಂದು ಬಂದಾಗ ಹಿಂದಿನದು ಅಳಿಯದೆ ಅದರ ಪಕ್ಕದಲ್ಲಿಯೇ ಉಳಿದುಕೊಂಡಿರುವುದು ಇಲ್ಲಿಯ ವಿಶೇಷ.

ಈ ಸೀಮೆಯ ಅತಿ ಹಳೆಯ ಬರಹ ಮಸ್ಕಿಯ ಬಂಡೆಯ ಮೇಲಿನದು. ಚಿನ್ನದ ಗಣಿಗಳ ಶೋಧದಲ್ಲಿ ತೊಡಗಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಕಂಡುಹಿಡಿದ ಈ ಶಾಸನ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಹೇಳಿದ್ದರಿಂದ, ಆ ಬಿರುದಿನ ಅರಸ ಯಾರೆಂಬ ಪ್ರಶ್ನೆ ಬಗೆಹರಿದುದು ಪ್ರಸಿದ್ಧ ಸಂಗತಿ. ಆದರೆ ಶಾಸನದ ಒಳಗಿನ ಮಾತಿಗೆ ಅಷ್ಟು ಗಮನ ಸಂದಿಲ್ಲ. ಧರ್ಮದಿಂದ ದೊರೆಯುವ ಉನ್ನತಿಯನ್ನು ದೊಡ್ಡವರು ಮಾತ್ರ ಹೊಂದಬಲ್ಲರೆಂದು ಭಾವಿಸಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಅದು ಸಾಧ್ಯ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಆಶಯ. ಅದೇ ಶಾಸನದಲ್ಲಿ ಅರಸ ತನ್ನನ್ನು ಬುದ್ಧನ ಅನುಯಾಯಿಯೆಂದು ಹೇಳಿಕೊಂಡಿದ್ದಾನೆ. ಬೌದ್ಧ ಭಿಕ್ಷುಸಂಘಗಳ ನಡಾವಳಿಯನ್ನು ವಿವರಿಸುವ ವಿನಯಪಿಟಕದಲ್ಲಿ ಕೂರುವ ಜಾಗಗಳನ್ನು ಕ್ರಮಪಡಿಸುವ ಆಸನಪ್ರಜ್ಞಾಪಕ, ಮತ ಎಣಿಸಲು ಕಡ್ಡಿಗಳನ್ನು ಹಂಚಿ ಸಂಗ್ರಹಿಸುವ ಶಲಾಕಾಗ್ರಾಹಕ ಎಂಬ ಹೊಣೆಗಾರರಿದ್ದುದು, ವಿಷಯವನ್ನು ಸಂಘದ ಮುಂದಿಡುವುದಕ್ಕೆ ನಿಶ್ಚಿತ ವಿಧಾನವಿದ್ದುದು ತಿಳಿದುಬರುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಇದನ್ನೇ ನೆನಪಿಸಿ, ಗೊತ್ತುವಳಿ, ಕೋರಂ, ಗುಪ್ತಮತದಾನ ಮೊದಲಾದ ಸಂಸದೀಯ ನಿಯಮಗಳು ಭಿಕ್ಷುಸಂಘಗಳಿಗೆ ತಿಳಿದಿದ್ದವು, ಈ ದೇಶ ಮುಂದೆ ಆ ಪದ್ಧತಿಯನ್ನು ಕಳೆದುಕೊಂಡಿತು ಎಂದು ವಾದಿಸಿದರು. ಕೋರಂ ಎಂದರೆ ಸಭೆ ಕ್ರಮಬದ್ಧವಾಗಲು ಹಾಜರಿರಬೇಕಾದ ಸದಸ್ಯರ ಕನಿಷ್ಠ ಸಂಖ್ಯೆ. ಮಸ್ಕಿಯ ಸುತ್ತ ಅಂಥ ಸಂಘವೊಂದು ಹೇಗೆ ಸಭೆ ಸೇರುತ್ತಿತ್ತೆಂಬುದಕ್ಕೆ ಬಂಡೆಯ ಬರಹ ಸಾಕ್ಷಿ ಹೇಳುವುದಿಲ್ಲವಾದರೂ, ಸಣ್ಣವರನ್ನೂ ದೊಡ್ಡವರನ್ನೂ ಒಂದೇ ಮಾತಿನಲ್ಲಿ ಉದ್ದೇಶಿಸಿದ ಬರಹದಿಂದ ಈ ನಾಡಿನ ಲಿಖಿತ ಚರಿತ್ರೆ ಮೊದಲಾಗುತ್ತದೆಯೆಂಬುದು, ಮುಂದೆ ಸಣ್ಣವರಿಗೆ ಸಭೆಯಲ್ಲಿ ಜಾಗ ದೊರೆಯಲು ಹಿಡಿದ ಕಾಲವನ್ನು ಗಮನಿಸಿದಾಗ, ಮರೆಯಲಾಗದ ಸಂಗತಿ.

ಕನ್ನಡ ಶಾಸನಗಳ ಕಾಲಕ್ಕೆ ಬಂದರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಪೊರಿಗೆರೆಯ, ಅಂದರೆ ಈಗಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯ ಶಾಸನ, ಅರಮನೆಯ ಅಧಿಕಾರಿಗಳು ಊರಿನವರೊಡನೆ ಹೇಗೆ ನಡೆದುಕೊಳ್ಳಬೇಕು, ಊರಿನವರು ಯಾವ ತೆರಿಗೆ ಕೊಡಬೇಕು ಎಂಬುದನ್ನು ಬರಹಕ್ಕಿಳಿಸಿದ ಒಪ್ಪಂದ. ಪ್ರಕೃತಿಗಳೆಂದರೆ ಬೇರೆ ಬೇರೆ ಕಸುಬಿನ ಸಮುದಾಯಗಳು. ಮಹಾಜನರೆಂದರೆ ಅಗ್ರಹಾರವನ್ನು ಸಾಮೂಹಿಕವಾಗಿ ನಡೆಸುತ್ತಿದ್ದ ವಿದ್ವಾಂಸ ಬ್ರಾಹ್ಮಣರ ಸಭೆ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದಾನವನ್ನು ಸ್ವೀಕರಿಸುವವರು, ಭೂಮಿಯನ್ನು ಕಾಯುವ ಹೊಣೆ ಹೊರುವವರು ಅನೇಕ ಕಡೆ ‘ಊರೊಡೆಯ ಪ್ರಮುಖ ಮಹಾಜನಂಗಳು’ ಎಂಬ ಸೂತ್ರರೂಪದಲ್ಲಿ ಬರುತ್ತಾರೆ, ಮತ್ತು ಮಹಾಜನರ ಸಂಖ್ಯೆಯೂ ಜೊತೆಗೆ ನಮೂದಾಗಿರುತ್ತದೆ. ಊರೊಡೆಯ ಸಭೆಯ ಮುಖಂಡನಾದರೂ ಕ್ರಿಯೆ ಅವನೊಬ್ಬನದಲ್ಲ. ಕೊಟ್ಟವರು, ಕೊಂಡವರು, ಕಾದವರು ಇಡಿಯ ಸಭೆಯವರು, ಅವನು ಅವರ ಸಾಲಿನಲ್ಲಿ ಮೊದಲು ನಿಂತವನು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಶಾಸನಗಳಲ್ಲಿಯೂ, ಪೇಟೆಯ ಮುಖ್ಯಸ್ಥನಾದ ಪಟ್ಟಣಸ್ವಾಮಿಯ ಉಲ್ಲೇಖಗಳಲ್ಲಿಯೂ ಇದೇ ರೀತಿಯ ಅರ್ಥ ಕಾಣುತ್ತದೆ. ಆದರೆ ಈ ಸಭೆಗಳು ಎಲ್ಲರ ಸಭೆಗಳಾಗಿರಲಿಲ್ಲ. ಮಹಾಜನರ ಕೂಟ ಒಂದು ವರ್ಣದ್ದು, ವರ್ತಕರ ಕೂಟ ಒಂದು ಕಸುಬಿನದು, ಗಾವುಂಡರ ಕೂಟ ಭೂಮಿಯಿದ್ದವರದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ನಡೆಸಿದ ಗೋಷ್ಠಿಗಳನ್ನು ಪರಂಪರೆ ಅನುಭವ ಮಂಟಪವೆಂದು ನೆನೆಯುತ್ತದೆ. ಅದರ ಶೂನ್ಯಸಿಂಹಾಸನವನ್ನು ಅಲ್ಲಮಪ್ರಭು ಏರಿದ ಕಥನವನ್ನು ಹದಿನೈದನೆಯ ಶತಮಾನದಿಂದ ಸಂಕಲನಗೊಂಡ ಶೂನ್ಯಸಂಪಾದನೆಗಳು ವಿಸ್ತಾರವಾಗಿ ಹೇಳುತ್ತವೆ. ಆ ಗ್ರಂಥಗಳು ಘಟನೆಗಳಾಗಿ ಸುಮಾರು ಮೂರು ಶತಮಾನಗಳ ಮೇಲೆ ರಚಿತವಾದವು, ಆದ್ದರಿಂದ ಅವುಗಳನ್ನು ಕಲ್ಯಾಣದ ನಡಾವಳಿ ಪುಸ್ತಕವೆಂದು ಓದುವುದು ಸರಿಯಲ್ಲ. ಆದರೂ ಸಭೆಯ ಹಿರಿಯ ಪೀಠಕ್ಕೆ ಮದ್ದಳೆ ಬಾರಿಸುವ ಕುಲದವನೆಂದು ಪರಂಪರೆ ಹೇಳುವ ವ್ಯಕ್ತಿಯನ್ನು ಕೂರಿಸಿ, ಅವನು ಅಲ್ಲಿ ಆಜ್ಞೆ ಮಾಡುವುದಕ್ಕಿಂತ ಪ್ರಶ್ನೆ ಕೇಳುವುದನ್ನೇ ತನ್ನ ಕೆಲಸವಾಗಿ ಮಾಡಿಕೊಂಡನೆಂದು ಚಿತ್ರಿಸಿರುವುದು, ಅಧ್ಯಕ್ಷತೆಯ ಬಗ್ಗೆ ಕನ್ನಡ ಸಮಾಜ ಕಟ್ಟಿಕೊಂಡ ಆದರ್ಶಗಳಲ್ಲಿ ಅತ್ಯಂತ ಎತ್ತರದ್ದು. ಅಕ್ಕಮಹಾದೇವಿಯಂಥ ಸ್ತ್ರೀ ಆ ಗೋಷ್ಠಿಯಲ್ಲಿ ಪ್ರಶ್ನೆಗೊಳಗಾಗಿ, ಸಮನಾಗಿ ಉತ್ತರಿಸಿ, ಗೌರವ ಪಡೆದ ಪ್ರಸಂಗವೂ ಅದೇ ಆದರ್ಶದ ಭಾಗ.

ಎಡದೊರೆಯ ಹಳ್ಳಿಗಳಲ್ಲಿ ವಾಸ್ತವವಾಗಿ ನಡೆದುಬಂದದ್ದು ಬೇರೊಂದು ಪದ್ಧತಿ, ಮತ್ತು ಈ ಪ್ರಬಂಧದ ತಿರುಳು ಅಲ್ಲಿದೆ. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಊರಿನವರು ಅಥವಾ ಕುಲದವರು ತೀರ್ಮಾನಕ್ಕಾಗಿ ಕೂಡಿದ ಸಭೆಯನ್ನು ದೈವ ಎಂದೂ, ಅದರ ಮುಂದೆ ಕೂತವರು ಮಾಡುವ ಕೆಲಸವನ್ನು ಹಿರೇತನ ಎಂದೂ ಕರೆಯುತ್ತಾರೆ. ದೈವ ಕೂಡಿತು, ದೈವದ ಮುಂದೆ ಹೇಳಿದ, ದೈವ ಒಪ್ಪಿತು ಎಂಬ ಮಾತುಗಳಲ್ಲಿ ಕೂಡಿದ ಜನಕ್ಕೇ ದೇವರ ಸ್ಥಾನವನ್ನು ಕೊಟ್ಟಿರುವುದರಿಂದ, ಆ ಸಭೆಯ ಮುಂದೆ ಸುಳ್ಳು ಹೇಳುವುದು ಗುಡಿಯಲ್ಲಿ ಸುಳ್ಳು ಹೇಳಿದಷ್ಟೇ ಪಾಪವೆಂಬ ನಂಬಿಕೆ ಬೆಳೆದಿತ್ತು. ದೈವ ಕೂಡುವುದನ್ನು ಊರ ಕಾವಲಿನ ತಳವಾರ ಅಥವಾ ವಾಲೀಕಾರ ಮನೆಮನೆಗೆ ಹೇಳಿಬರುತ್ತಿದ್ದ, ಇಲ್ಲವೇ ಡಂಗುರ ಸಾರಲಾಗುತ್ತಿತ್ತು. ಊರ ಅಗಸಿಯ ಬಳಿ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಇಲ್ಲವೇ ಚಾವಡಿಯಲ್ಲಿ ಜನ ಕೂಡುತ್ತಿದ್ದರು. ಗೌಡ, ಕುಲಕರ್ಣಿ, ಸಾವುಕಾರ, ಮಠದ ಅಯ್ಯನವರು, ಪ್ರತಿ ಕುಲದ ಹಿರಿಯ, ಹೀಗೆ ಕೆಲವರು ಕಟ್ಟೆಯ ಮೇಲೆ, ಉಳಿದವರು ನೆಲದ ಮೇಲೆ ಕೂರುತ್ತಿದ್ದರು. ದೂರು ತಂದವನು ಮೊದಲು ಕೈಮುಗಿದು ದೈವಕ್ಕೆ ಶರಣೆಂದು ತನ್ನ ಮಾತು ಹೇಳುತ್ತಿದ್ದ, ಎದುರಾಳಿ ಉತ್ತರಿಸುತ್ತಿದ್ದ, ಸಾಕ್ಷಿಯವರು ನುಡಿಯುತ್ತಿದ್ದರು, ಕಟ್ಟೆಯ ಮೇಲಿನವರು ನಡುನಡುವೆ ಕೇಳುತ್ತಿದ್ದರು.

ಈ ಸಭೆಯಲ್ಲಿ ಕೈಯೆತ್ತಿಸಿ ಲೆಕ್ಕ ಹಾಕುವ ರೂಢಿ ಇರಲಿಲ್ಲ. ಒಪ್ಪದವನು ಉಳಿದಿದ್ದರೆ ಮಾತು ಮುಂದುವರಿಯುತ್ತಿತ್ತು, ರಾತ್ರಿ ಮುಗಿಯದಿದ್ದರೆ ಮರುದಿನಕ್ಕೆ ಹೋಗುತ್ತಿತ್ತು; ಹಿರೇತನ ಮಾಡುವವರ ಜಾಣ್ಮೆ ಇದ್ದುದು ಎರಡೂ ಕಡೆಯವರು ಮುಖ ಉಳಿಸಿಕೊಂಡು ಏಳಬಹುದಾದ ಒಂದು ಮಾತನ್ನು ಹುಡುಕುವುದರಲ್ಲಿ, ಮತ್ತು ಅದನ್ನು ತಮ್ಮ ಮಾತಾಗಿ ಹೇಳದೆ ದೈವದ ಮಾತಾಗಿ ಹೇಳುವುದರಲ್ಲಿ. ಆದ್ದರಿಂದಲೇ ಹಿರಿಯನಾದವನು ಎಲ್ಲರಿಗಿಂತ ಕೊನೆಯಲ್ಲಿ ಮಾತಾಡುತ್ತಿದ್ದ. ಮೊದಲೇ ಮಾತಾಡಿದರೆ ಅವನು ಒಂದು ಕಡೆಯವನಾಗಿ ಬಿಡುತ್ತಿದ್ದ. ತಪ್ಪಿತಸ್ಥನಿಗೆ ಹಣದ ದಂಡ, ಗುಡಿಗೆ ತಪ್ಪುಕಾಣಿಕೆ, ಕುಲದವರಿಗೆ ಊಟ, ಅತಿ ಕಠಿಣವಾದಲ್ಲಿ ಬಹಿಷ್ಕಾರ ವಿಧಿಸಲಾಗುತ್ತಿತ್ತು. ಸಭೆ ಮುಗಿದಾಗ ಹಂಚುವ ವೀಳ್ಯದ ಸರದಿ ಯಾರಿಂದ ಮೊದಲಾಗಬೇಕೆಂಬುದು ನಿಗದಿಯಾಗಿದ್ದು, ಆ ಸರದಿ ತಪ್ಪಿದರೆ ಅದೇ ಹೊಸ ಜಗಳಕ್ಕೆ ಕಾರಣವಾಗುತ್ತಿತ್ತು. ಊರ ದೈವದ ಜೊತೆಗೆ ಪ್ರತಿ ಕುಲಕ್ಕೂ ತನ್ನ ದೈವವಿದ್ದು, ಕುಲದ ಕಟ್ಟೆಯ ಹಿರೇತನ ಮನೆತನದಲ್ಲಿ ಇಳಿದುಬರುತ್ತಿತ್ತು. ಈ ಭಾಗದಲ್ಲಿ ಇಂದಿಗೂ ಸಾಮಾನ್ಯವಾಗಿರುವ ಕಟ್ಟಿಮನಿ ಎಂಬ ಅಡ್ಡಹೆಸರು ಅಂಥ ಹೊಣೆಯನ್ನು ಸೂಚಿಸುತ್ತದೆ.

ಈ ಪದ್ಧತಿಯನ್ನು ಹೊಗಳಿ ಬರೆದವರು ಅದರ ಸಹಮತದ ಗುಣವನ್ನು ಮಾತ್ರ ಎತ್ತಿ ಹೇಳಿದ್ದಾರೆ. ಸಹಮತ ಯಾರದೆಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಹೆಂಗಸರು ದೈವದಲ್ಲಿ ಕೂರುವಂತಿರಲಿಲ್ಲ, ಅವರ ದೂರನ್ನು ತಂದೆಯೋ ಅಣ್ಣತಮ್ಮಂದಿರೋ ಹೇಳಬೇಕಾಗಿತ್ತು. ಸಭೆಗೆ ಜನರನ್ನು ಕರೆತರುವ, ಹಲಗೆ ಬಾರಿಸುವ ಕೆಲಸ ಮಾಡಿದ ಅಸ್ಪೃಶ್ಯರೆನಿಸಿಕೊಂಡವರು ತಾವು ಮಾತ್ರ ದೂರ ನಿಂತು ಕೇಳಬೇಕಾಗಿತ್ತು, ತಮ್ಮ ಮೇಲೆಯೇ ತೀರ್ಪಾಗುವಾಗಲೂ ಕಟ್ಟೆಯ ಬಳಿಗೆ ಬರುವಂತಿರಲಿಲ್ಲ. ಒಪ್ಪದವನೊಬ್ಬನೂ ಉಳಿಯಬಾರದೆಂಬ ನಿಯಮ ಎಷ್ಟೋ ಸಲ ಒಪ್ಪದವನನ್ನು ಬೆದರಿಸಿ ಸುಮ್ಮನಾಗಿಸುವ ಸಾಧನವಾಯಿತು. ಕಟ್ಟೆಯ ನ್ಯಾಯದ ಜಾಣ್ಮೆಯೂ ಅದರ ಕ್ರೌರ್ಯವೂ ಒಂದೇ ಮೂಲದಿಂದ, ಅಂದರೆ ಹಿರೇತನ ಹುಟ್ಟಿನಿಂದ ಬರುತ್ತದೆಯೆಂಬ ನಂಬಿಕೆಯಿಂದ, ಹೊರಟವು.

ರಾಯಚೂರು ದೋಆಬ್ ಎಂದು ಪರ್ಷಿಯನ್ ಹೆಸರು ಪಡೆದ ಈ ಸೀಮೆಯನ್ನು ಹೈದರಾಬಾದಿನ ನಿಜಾಮ 1853ರಲ್ಲಿ ಬ್ರಿಟಿಷರ ವಶಕ್ಕೆ ಕೊಟ್ಟು 1860ರಲ್ಲಿ ಮರಳಿ ಪಡೆದ. ಮುಂದೆ ನಿಜಾಮನ ದಿವಾನನಾದ ಮೊದಲನೆಯ ಸಾಲಾರ್ ಜಂಗ್ 1865ರಲ್ಲಿ ಜಾರಿಗೆ ತಂದ ಜಿಲ್ಲಾಬಂದಿ, ಅಂದರೆ ರಾಜ್ಯವನ್ನು ಜಿಲ್ಲೆ ತಾಲ್ಲೂಕುಗಳಾಗಿ ವಿಭಜಿಸಿದ ಸುಧಾರಣೆ, ಲಿಂಗಸುಗೂರನ್ನು ಕೆಲಕಾಲ ಒಂದು ಜಿಲ್ಲೆಯ ಕೇಂದ್ರವಾಗಿಸಿತು; ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆ ಜಿಲ್ಲೆ ರದ್ದಾಗಿ ಬಹುಭಾಗ ರಾಯಚೂರಿಗೆ ಸೇರಿತು. ಊರಿನಲ್ಲಿ ಕಂದಾಯದ ಹೊಣೆಯ ಮಾಲಿ ಪಾಟೀಲ, ಅಪರಾಧಗಳ ಹೊಣೆಯ ಪೊಲೀಸ್ ಪಾಟೀಲ, ಲೆಕ್ಕದ ಪಟವಾರಿ ಎಂಬ ಮೂವರು ವತನದಾರರು ನೆಲೆಗೊಂಡರು. ವತನವೆಂದರೆ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಅನುಭವಿಸುವ ಹಕ್ಕು. ಕಟ್ಟೆಯ ಹಿರೇತನಕ್ಕೆ ಹೀಗೆ ಸರ್ಕಾರದ ಮೊಹರು ಬಿದ್ದಿತು. ತೆರಿಗೆಯ ಒಂದು ಅಂಶದಿಂದ ರಸ್ತೆ, ಬಾವಿ, ಶಾಲೆಗಳನ್ನು ನೋಡಿಕೊಳ್ಳಲು ಸ್ಥಾಪನೆಯಾದ ಸ್ಥಳೀಯ ಬೋರ್ಡುಗಳಲ್ಲಿ, ಜಿಲ್ಲೆಯಲ್ಲಿ ತಾಲ್ಲೂಕುದಾರ, ಅಂದರೆ ಇಂದಿನ ಜಿಲ್ಲಾಧಿಕಾರಿಗೆ ಸಮನಾದ ಅಧಿಕಾರಿ, ತಾಲ್ಲೂಕಿನಲ್ಲಿ ತಹಸೀಲ್ದಾರ ಅಧ್ಯಕ್ಷರಾಗಿರುತ್ತಿದ್ದರು. ಮೈಸೂರಿನಲ್ಲಿ 1881ರಲ್ಲಿ ಸೇರಿದ ಪ್ರಜಾಪ್ರತಿನಿಧಿ ಸಭೆಯ ಅಧ್ಯಕ್ಷತೆಯನ್ನು ದಿವಾನರೇ ವಹಿಸುತ್ತಿದ್ದುದನ್ನು ಇದರ ಜೊತೆಗಿಟ್ಟು ನೋಡಿದರೆ, ಸಭೆ ಎಂಬುದು ಜನರ ಅಹವಾಲನ್ನು ಅಧಿಕಾರಿ ಕೇಳಿಸಿಕೊಳ್ಳುವ ಸ್ಥಳವೆಂಬ ಕಲ್ಪನೆ ಎರಡೂ ಸಂಸ್ಥಾನಗಳಲ್ಲಿ ಸಾಮಾನ್ಯವಾಗಿತ್ತೆಂದು ತಿಳಿಯುತ್ತದೆ. ಹೈದರಾಬಾದಿನಲ್ಲಿ 1919ರಲ್ಲಿ ಕಾರ್ಯಕಾರಿ ಸಮಿತಿ ರಚನೆಯಾಗಿ ಸರ್ ಅಲಿ ಇಮಾಮ್ ಅದರ ಮೊದಲ ಅಧ್ಯಕ್ಷರಾದಾಗ ಆ ಸ್ಥಾನಕ್ಕೆ ಸದರ್-ಎ-ಆಜಮ್ ಎಂಬ ಬಿರುದು ಬಂದಿತು.

ಅದೇ ರಾಜ್ಯದಲ್ಲಿ ಪ್ರಜೆಗಳು ತಾವಾಗಿ ಸಭೆ ಸೇರಲು ಸರ್ಕಾರದ ಪೂರ್ವಾನುಮತಿ ಬೇಕಾಗಿತ್ತು. ಗಸ್ತಿ ನಿಶಾನ್ 53 ಎಂದು ಪ್ರಸಿದ್ಧವಾದ ಸುತ್ತೋಲೆ ಈ ನಿರ್ಬಂಧವನ್ನು ಬಿಗಿಗೊಳಿಸಿತ್ತು. ತಮ್ಮ ರಾಜ್ಯದ ರಾಜಕೀಯ ಸಮ್ಮೇಳನವನ್ನು ತಮ್ಮ ನೆಲದಲ್ಲಿ ನಡೆಸಲಾರದೆ ಹೈದರಾಬಾದಿನ ಕಾರ್ಯಕರ್ತರು ಅದನ್ನು 1923ರಲ್ಲಿ ಕಾಕಿನಾಡದಲ್ಲಿ, ಆಮೇಲೆ ಮುಂಬಯಿ ಪುಣೆಗಳಲ್ಲಿ ನಡೆಸಿದರು. 1938ರಲ್ಲಿ ಸ್ಥಾಪನೆಯಾಗಲಿದ್ದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಕೆಲಸ ಆರಂಭಿಸುವ ಮೊದಲೇ ನಿಷೇಧಿಸಲಾಯಿತು. ಸಭೆಯೊಂದರ ಅಧ್ಯಕ್ಷತೆ ವಹಿಸುವುದು ಸೆರೆಮನೆಗೆ ದಾರಿಯಾಗಬಹುದಾದ ಸಾಹಸವಾಗಿದ್ದ ಕಾಲ ಅದು, ಮತ್ತು 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆಯಿಂದ ಆದ ವಿಮೋಚನೆಯ ಹಿನ್ನೆಲೆಯನ್ನು ಅರಿಯಲು ಕೂಡುವ ಹಕ್ಕಿಗಾಗಿ ನಡೆದ ಈ ಹೋರಾಟವನ್ನೂ ನೆನೆಯಬೇಕು.

ಸಾಹಿತ್ಯ, ಶಿಕ್ಷಣ ಮತ್ತು ಸಮುದಾಯಗಳ ಸಭೆಗಳಿಗೆ ಇದ್ದ ಸಣ್ಣ ಅವಕಾಶದಲ್ಲಿ ಹೊಸ ಮಾದರಿಯ ಅಧ್ಯಕ್ಷತೆ ಈ ಭಾಗಕ್ಕೆ ಬಂದಿತು. ಹಾನಗಲ್ ಕುಮಾರಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಸಿರಸಂಗಿ ಲಿಂಗರಾಜ ದೇಸಾಯಿಯವರು ಅಧ್ಯಕ್ಷರಾದರು. 1915ರಲ್ಲಿ ಬೆಂಗಳೂರಿನಲ್ಲಿ ಸೇರಿದ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಎಚ್. ವಿ. ನಂಜುಂಡಯ್ಯನವರು ಅಧ್ಯಕ್ಷರಾದರು, 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ತಮ್ಮ ಜೀವನದಲ್ಲಿ ಒಮ್ಮೆ ಮಾತ್ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಈ ಹೊಸ ಮಾದರಿಯಲ್ಲಿ ಅಧ್ಯಕ್ಷರು ಒಂದು ಅಧಿವೇಶನಕ್ಕಾಗಿ ಆರಿಸಲ್ಪಟ್ಟವರು, ಅದು ಮುಗಿದ ಮೇಲೆ ಸ್ಥಾನ ಬೇರೊಬ್ಬರಿಗೆ ಹೋಗುವುದು, ಹೀಗಾಗಿ ಹಿರೇತನ ಮೊದಲ ಬಾರಿಗೆ ಸರದಿಯ ಮೇಲೆ ಬರುವ ಹೊಣೆಯಾಯಿತು. ಒಬ್ಬರು ಗೊತ್ತುವಳಿ ಸೂಚಿಸುವುದು, ಮತ್ತೊಬ್ಬರು ಅನುಮೋದಿಸುವುದು, ಅಧ್ಯಕ್ಷರ ಅಪ್ಪಣೆಯಿಲ್ಲದೆ ಮಾತಾಡದಿರುವುದು, ಮತಕ್ಕೆ ಹಾಕಿ ಎಣಿಸುವುದು, ನಡಾವಳಿಯನ್ನು ಬರೆದಿಡುವುದು ಎಂಬ ಕ್ರಮ ಇಂಗ್ಲೆಂಡಿನ ಪಾರ್ಲಿಮೆಂಟಿನ ಪದ್ಧತಿಯಿಂದ ಬಂದುದು. ಅಮೆರಿಕದ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದ ಹೆನ್ರಿ ರಾಬರ್ಟ್ 1876ರಲ್ಲಿ ಪ್ರಕಟಿಸಿದ ನಿಯಮಾವಳಿ ಅದೇ ಪದ್ಧತಿಯನ್ನು ಸಾಮಾನ್ಯ ಸಂಘಗಳಿಗೆ ಹೊಂದಿಸಿಕೊಟ್ಟಿತ್ತು. ಆ ಪದ್ಧತಿಯಲ್ಲಿ ಅಧ್ಯಕ್ಷರು ಚರ್ಚೆಯಿಂದ ಹೊರಗುಳಿಯುತ್ತಾರೆ. ಕನ್ನಡದ ಸಭೆ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ, ಕಟ್ಟೆಯ ಹಿರಿಯನಂತೆ ಅಧ್ಯಕ್ಷರು ಎಲ್ಲರ ಮಾತು ಮುಗಿದ ಮೇಲೆ ಕೊನೆಯಲ್ಲಿ ಮಾತಾಡುವ ಅಧ್ಯಕ್ಷೀಯ ಭಾಷಣವನ್ನು ಉಳಿಸಿಕೊಂಡಿತು. ಹಳ್ಳಿಯ ಶಾಲೆಯ ವಾರ್ಷಿಕೋತ್ಸವದಿಂದ ವಿಶ್ವವಿದ್ಯಾಲಯದ ಗೋಷ್ಠಿಯವರೆಗೆ ಇಂದಿಗೂ ನಡೆಯುವ ಈ ಕ್ರಮವನ್ನು ವಿದೇಶೀ ಪದ್ಧತಿಯ ತಪ್ಪಾದ ಅನುಕರಣೆಯೆಂದು ಕೆಲವರು ಟೀಕಿಸುವುದುಂಟು, ಆದರೆ ಅದು ದೈವದ ಕಾಲದ ವಿವೇಕದ ಮುಂದುವರಿಕೆ ಎಂದು ತಿಳಿಯುವುದೇ ಹೆಚ್ಚು ಯುಕ್ತ.

ರಾಯಚೂರು ಸಾಹಿತ್ಯ ಸಮ್ಮೇಳನವನ್ನು ಮೂರು ಬಾರಿ ಬರಮಾಡಿಕೊಂಡಿದೆ. 1934ರಲ್ಲಿ, ನಿಜಾಮನ ಆಳ್ವಿಕೆಯ ನಡುವೆ, ಕರಾವಳಿಯ ಪಂಜೆ ಮಂಗೇಶರಾಯರು ಅಧ್ಯಕ್ಷರಾದರು. ಏಕೀಕರಣದ ವರ್ಷವಾದ 1956ರಲ್ಲಿ ನಾಟಕಕಾರ ಶ್ರೀರಂಗರು. 2016ರ ಡಿಸೆಂಬರಿನಲ್ಲಿ ನಡೆದ 82ನೆಯ ಸಮ್ಮೇಳನಕ್ಕೆ ಬರಗೂರು ರಾಮಚಂದ್ರಪ್ಪನವರು. ಆಡಳಿತದ ಭಾಷೆ ಉರ್ದುವಾಗಿದ್ದ ನಾಡಿನಲ್ಲಿ, ಬ್ರಿಟಿಷ್ ಆಡಳಿತದ ಜಿಲ್ಲೆಯಿಂದ ಬಂದ ಕನ್ನಡದ ಶಿಕ್ಷಕ ಕವಿಯೊಬ್ಬರು ಅಧ್ಯಕ್ಷಪೀಠದಲ್ಲಿ ಕೂತದ್ದು, ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಜನರು ಒಂದೇ ಸಭೆಯವರೆಂಬುದನ್ನು ರಾಜಕೀಯ ಭಾಷಣಕ್ಕೆ ಅವಕಾಶವಿಲ್ಲದ ಕಾಲದಲ್ಲಿ ತೋರಿಸಿತು. ಸಮ್ಮೇಳನದಲ್ಲಿ ಎರಡು ಬಗೆಯ ಅಧ್ಯಕ್ಷತೆ ಇರುವುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಸಮ್ಮೇಳನವನ್ನು ಏರ್ಪಡಿಸುವ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರು ಸಂಸ್ಥೆಯನ್ನು ನಡೆಸುವ ಚುನಾಯಿತರು, ಸಮ್ಮೇಳನಾಧ್ಯಕ್ಷರು ಆ ಕೆಲವು ದಿನಗಳಿಗೆ ನಾಡಿನ ಪರವಾಗಿ ಮಾತಾಡಲು ಆರಿಸಲ್ಪಟ್ಟ ಸಾಹಿತಿ. ಮೆರವಣಿಗೆಯೂ ಮೊದಲ ದಿನದ ಭಾಷಣವೂ ಎರಡನೆಯವರಿಗೆ ಸಲ್ಲುತ್ತವೆ, ಲೆಕ್ಕಪತ್ರದ ಹೊಣೆ ಮೊದಲನೆಯವರದು. 1915ರಿಂದ ಆರಂಭವಾದ ಈ ಪೀಠಕ್ಕೆ ಒಬ್ಬ ಮಹಿಳೆ, ಜಯದೇವಿತಾಯಿ ಲಿಗಾಡೆಯವರು, ಬರಲು 1974ರ ಮಂಡ್ಯ ಸಮ್ಮೇಳನದವರೆಗೆ ಕಾಯಬೇಕಾಯಿತು.

ಹಿರೇತನದ ಹಳೆಯ ತತ್ತ್ವ ದೇಶದ ಅತ್ಯುನ್ನತ ಸಭೆಯಲ್ಲಿಯೂ ಒಮ್ಮೆ ಕಾಣಿಸಿಕೊಂಡಿತು. 1946ರ ಡಿಸೆಂಬರ್ 9ರಂದು ಸಂವಿಧಾನ ಸಭೆ ಮೊದಲು ಸೇರಿದಾಗ, ಅಧ್ಯಕ್ಷರ ಆಯ್ಕೆಯಾಗುವವರೆಗೆ ಸಭೆ ನಡೆಸಲು ಸದಸ್ಯರಲ್ಲಿ ಎಲ್ಲರಿಗಿಂತ ಹಿರಿಯರಾದ ಸಚ್ಚಿದಾನಂದ ಸಿನ್ಹಾ ಅವರನ್ನು ಕೂರಿಸಲಾಯಿತು. ಎರಡು ದಿನಗಳ ಮೇಲೆ ಆಯ್ಕೆಯ ಮೂಲಕ ಡಾ. ರಾಜೇಂದ್ರ ಪ್ರಸಾದರು ಆ ಸ್ಥಾನಕ್ಕೆ ಬಂದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ ಅಂಬೇಡ್ಕರ್ ಅವರು ಮಾಡಿದ ಕೆಲಸದ ನೆನಪು, ಊರ ಕಟ್ಟೆಯಿಂದ ದೂರ ನಿಲ್ಲಿಸಲ್ಪಟ್ಟಿದ್ದ ಕೇರಿಗಳಿಗೆ ಅಧ್ಯಕ್ಷಪೀಠದ ಅರ್ಥವನ್ನೇ ಬದಲಾಯಿಸಿದೆ.

ಸ್ವಾತಂತ್ರ್ಯಾನಂತರದ ಕಾನೂನುಗಳು ಈ ಬದಲಾವಣೆಯನ್ನು ಹಳ್ಳಿಯವರೆಗೆ ತಂದವು, ಆದರೆ ನಿಧಾನವಾಗಿ. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯ ಕಾಲದಲ್ಲಿ ಪಂಚಾಯಿತಿಯ ಮುಖ್ಯಸ್ಥರನ್ನು ಜನ ಚೇರ್ಮನ್ ಎಂದು ಕರೆದರು, ಆ ಹೆಸರು ಹಳೆಯ ತಲೆಮಾರಿನ ಬಾಯಲ್ಲಿ ಇನ್ನೂ ಉಳಿದಿದೆ; ಸ್ಥಾನಕ್ಕೆ ಬಂದವರು ಮಾತ್ರ ಬಹುಪಾಲು ಹಿಂದೆ ಕಟ್ಟೆಯ ಮೇಲೆ ಕೂತ ಮನೆತನದವರೇ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಹೆಸರಿನೊಡನೆ ಬೆಸೆದುಕೊಂಡಿರುವ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯಿತಿಗಳಿಗೆ ಪ್ರಧಾನ, ಉಪಪ್ರಧಾನರು ಬಂದರು, ಮಹಿಳೆಯರಿಗೆ ಸ್ಥಾನಗಳಲ್ಲಿ ಕಾಲುಭಾಗ ಮೀಸಲಾಯಿತು. ನಿಜವಾದ ತಿರುವು 1993ರ ಪಂಚಾಯತ್ ರಾಜ್ ಕಾಯ್ದೆ. ಅದು ಸದಸ್ಯರ ಸ್ಥಾನಗಳನ್ನಷ್ಟೇ ಅಲ್ಲದೆ ಅಧ್ಯಕ್ಷ ಸ್ಥಾನವನ್ನೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಮಹಿಳೆಯರಿಗೆ ಸರದಿಯಂತೆ ಮೀಸಲಿಟ್ಟಿತು. 2010ರ ತಿದ್ದುಪಡಿಯಿಂದ ಮಹಿಳೆಯರ ಪಾಲು ಅರ್ಧಕ್ಕೆ ಏರಿತು. ಗ್ರಾಮಸಭೆಯ, ಅಂದರೆ ಪಂಚಾಯಿತಿಯ ಎಲ್ಲ ಮತದಾರರ ಸಭೆಯ, ಅಧ್ಯಕ್ಷತೆ ವಹಿಸುವುದು ಈ ಅಧ್ಯಕ್ಷರ ಕರ್ತವ್ಯ. ಪಂಚಾಯಿತಿಯ ಸಭೆಯಲ್ಲಿ ಮತಗಳು ಸಮನಾದಾಗ ನಿರ್ಣಾಯಕ ಮತ ಕೊಡುವ ಹಕ್ಕೂ ಅವರದು. ಕಟ್ಟೆಯ ಬಳಿ ಬರಲಾಗದಿದ್ದ ಮನೆಯ ಮಗಳು ಊರಿನ ಸಭೆಯನ್ನು ನಡೆಸುವುದು ಕಾನೂನಿನ ಬಲದಿಂದ ಸಾಧ್ಯವಾಯಿತು. ಈ ನಾಡಿನ ಸಭೆಗಳ ಚರಿತ್ರೆಯಲ್ಲಿ ಇದಕ್ಕೆ ಸಮನಾದ ಬದಲಾವಣೆ ಇನ್ನೊಂದಿಲ್ಲ.

ಆದರೆ ಆರಿಸಿಬಂದ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಗಂಡನೋ ಮಗನೋ ಕೂತು ಮಾತಾಡುವುದು, ಅಧಿಕಾರಿಗಳೂ ಅವರನ್ನೇ ಉದ್ದೇಶಿಸಿ ಉತ್ತರಿಸುವುದು, ಪರಿಶಿಷ್ಟ ಸಮುದಾಯದ ಅಧ್ಯಕ್ಷರ ಸಹಿಯನ್ನು ಹಳೆಯ ಮನೆತನಗಳು ತಮ್ಮ ಕೈಯಲ್ಲಿಟ್ಟುಕೊಳ್ಳುವುದು ಉತ್ತರ ಕರ್ನಾಟಕದ ಅನೇಕ ಕಡೆ ಕಂಡುಬಂದ ಪಾಡು. ಬಂಧುಗಳು ಸಭೆಯಲ್ಲಿ ಪಾಲ್ಗೊಳ್ಳಬಾರದೆಂದು ಸರ್ಕಾರ ಸುತ್ತೋಲೆ ಹೊರಡಿಸಬೇಕಾಗಿ ಬಂದುದೇ ಇದರ ವ್ಯಾಪ್ತಿಗೆ ಸಾಕ್ಷಿ. ಇದನ್ನು ಆ ಮಹಿಳೆಯರ ಅಸಾಮರ್ಥ್ಯವೆಂದು ವ್ಯಾಖ್ಯಾನಿಸುವುದು ಅನ್ಯಾಯ. ಶತಮಾನಗಳ ಕಾಲ ಯಾರಿಗೆ ಸಭೆಯಲ್ಲಿ ಬಾಯಿ ತೆರೆಯಲು ಬಿಟ್ಟಿರಲಿಲ್ಲವೋ ಅವರ ಬದಲು ಮಾತಾಡುವ ಅಭ್ಯಾಸ ಗಂಡಸರಲ್ಲಿ ಉಳಿದಿರುವುದೇ ಇದರ ಮೂಲ. ಎರಡನೆಯ ಅವಧಿಗೆ ಆರಿಸಿಬಂದವರು, ಸ್ವಸಹಾಯ ಸಂಘಗಳಲ್ಲಿ ಲೆಕ್ಕ ಬರೆದು ಸಭೆ ನಡೆಸಿ ಪಳಗಿದವರು ಪಕ್ಕದ ಕುರ್ಚಿಯನ್ನು ತೆರವು ಮಾಡಿಸಿರುವುದೂ ಇದೇ ಸೀಮೆಯ ಅನುಭವ.

ಮುದ್ರಿತ ಆಮಂತ್ರಣ ಪತ್ರಿಕೆಗಳು ಈ ಚರಿತ್ರೆಯ ಪದರಗಳನ್ನೆಲ್ಲ ಒಂದೇ ಹಾಳೆಯಲ್ಲಿ ಕಾಪಾಡಿವೆ, ಆದ್ದರಿಂದ ಅವು ಸಂಶೋಧಕರ ಗಮನಕ್ಕೆ ಅರ್ಹ. ಜಾತ್ರೆಯ ಅಥವಾ ಸಾಮೂಹಿಕ ವಿವಾಹದ ಪತ್ರಿಕೆಯಲ್ಲಿ ಮೊದಲ ಸಾಲು ಮಠಾಧೀಶರ ದಿವ್ಯ ಸಾನ್ನಿಧ್ಯಕ್ಕೆ ಮೀಸಲು. ಎರಡನೆಯದು ಕಿರಿಯ ಸ್ವಾಮಿಗಳ ಸಮ್ಮುಖಕ್ಕೆ ಅಥವಾ ನೇತೃತ್ವಕ್ಕೆ. ಆಮೇಲೆ ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಕೊನೆಗೆ ಊರಿನ ಗುರುಹಿರಿಯರು ಮತ್ತು ಸಮಸ್ತ ದೈವದವರು. ಸರ್ಕಾರಿ ಸಮಾರಂಭವಾದರೆ ಶಿಷ್ಟಾಚಾರದಂತೆ ಅಧ್ಯಕ್ಷತೆ ಸ್ಥಳೀಯ ಶಾಸಕರದು, ಹೆಸರು ತಪ್ಪಿದರೆ ಅಧಿಕಾರಿ ಉತ್ತರ ಕೊಡಬೇಕು. ಸಾನ್ನಿಧ್ಯ ವಹಿಸಿದವರು ಸಭೆಯನ್ನು ನಡೆಸುವುದಿಲ್ಲ, ಆದರೆ ಅಧ್ಯಕ್ಷರ ಭಾಷಣವಾದ ಮೇಲೆಯೂ ಆಶೀರ್ವಚನ ನೀಡುತ್ತಾರೆ; ಹೀಗೆ ಕೊನೆಯ ಮಾತು ಪೀಠದವರಿಗೆ ಹೋಗಿ, ಅಧ್ಯಕ್ಷತೆ ಅಲಂಕಾರದ ಸ್ಥಾನವಾಗುವುದುಂಟು.

ಅಧ್ಯಕ್ಷತೆ ಅಲಂಕಾರವಲ್ಲದ ಸಭೆಗಳು ಬೇರೆಯೇ ಇವೆ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ನೀರು ಹರಿಯತೊಡಗಿದಂದಿನಿಂದ ಸಿಂಧನೂರು ಸೀಮೆ ಭತ್ತದ ಬಯಲಾಯಿತು, ಮತ್ತು ಎಡದಂಡೆ ಕಾಲುವೆಗೆ ಎಷ್ಟು ದಿನ, ಎಷ್ಟು ನೀರು ಎಂಬುದನ್ನು ನಿರ್ಧರಿಸುವ ನೀರಾವರಿ ಸಲಹಾ ಸಮಿತಿಯ ಸಭೆ, ರೈತರ ಮಾತಿನಲ್ಲಿ ಐಸಿಸಿ ಸಭೆ, ಎರಡನೆಯ ಬೆಳೆಯ ಹಣೆಬರಹವನ್ನು ಬರೆಯುತ್ತದೆ. ಸಚಿವರು ಅಧ್ಯಕ್ಷತೆ ವಹಿಸುವ ಈ ಸಭೆ ಹೆಚ್ಚಾಗಿ ಮುನಿರಾಬಾದಿನಲ್ಲಿ ಸೇರುತ್ತದೆ. ಕಾಲುವೆಯ ಕೆಳಭಾಗದ ರೈತರು ಮೇಲ್ಭಾಗದಲ್ಲಿ ನೀರು ನಿಂತುಹೋಗುತ್ತದೆಂದು ದೂರುವುದು, ಆ ದೂರಿಗೆ ಸಭೆಯಲ್ಲಿ ಎಷ್ಟು ಹೊತ್ತು ಸಿಗುತ್ತದೆಂಬುದು ಅಧ್ಯಕ್ಷರನ್ನು ಅವಲಂಬಿಸಿರುವುದು ಪ್ರತಿ ಹಂಗಾಮಿನ ಸಂಗತಿ. ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ, ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ ಸಭೆಗಳು, ಹಬ್ಬಗಳಿಗೆ ಮೊದಲು ಪೊಲೀಸ್ ಠಾಣೆಯಲ್ಲಿ ಸೇರುವ ಶಾಂತಿ ಸಭೆಗಳು ಕೂಡ ಇದೇ ಗುಂಪಿನವು. ಮುದಗಲ್ಲಿನ ಮೊಹರಂನಂಥ ಎಲ್ಲ ಸಮುದಾಯಗಳ ಆಚರಣೆಯಿರುವ ನಾಡಿನಲ್ಲಿ ಶಾಂತಿ ಸಭೆಯ ಹಿರೇತನ ಸಣ್ಣ ಕೆಲಸವಲ್ಲ.

ಆರಂಭದಲ್ಲಿ ಹೇಳಿದ ಬಳಗಾನೂರು, ಮಸ್ಕಿ ಹೊಸ ತಾಲ್ಲೂಕಾದಾಗ ಅದಕ್ಕೆ ಸೇರಿತು. ಗ್ರಾಮ ಪಂಚಾಯಿತಿಯಾಗಿದ್ದ ಊರು ಪಟ್ಟಣ ಪಂಚಾಯಿತಿಯೂ ಆಯಿತು. ಈ ಬಡ್ತಿಯಿಂದ ಬೀದಿದೀಪ, ಚರಂಡಿ, ಕುಡಿಯುವ ನೀರಿಗೆ ಬರುವ ಅನುದಾನ ಬದಲಾಗುತ್ತದೆಂಬುದನ್ನು ಎಲ್ಲರೂ ಗಮನಿಸುತ್ತಾರೆ, ಸಭೆಯ ಸ್ವರೂಪ ಬದಲಾಗುವುದನ್ನು ಗಮನಿಸುವವರು ವಿರಳ. ಸಂವಿಧಾನವು ಗ್ರಾಮಸಭೆಯನ್ನು ಹಳ್ಳಿಗಳಿಗೆ ಮಾತ್ರ ಹೇಳಿದೆ. 1964ರ ಪುರಸಭೆಗಳ ಕಾಯ್ದೆಯಡಿ ನಡೆಯುವ ಪಟ್ಟಣ ಪಂಚಾಯಿತಿಯಲ್ಲಿ ಅಧ್ಯಕ್ಷರು ಸದಸ್ಯರ ಸಭೆಯನ್ನು ನಡೆಸುತ್ತಾರೆ, ಮತದಾರರೆಲ್ಲ ಕೂಡಿ ಅವರನ್ನು ಕೇಳುವ ಸಭೆ ಅಲ್ಲಿಲ್ಲ. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ ವರ್ಷಗಳಲ್ಲಿ ರಾಜ್ಯದ ಅನೇಕ ಪಟ್ಟಣಗಳಲ್ಲಿ ಆ ಕುರ್ಚಿಯೂ ತೆರವಾಗಿದ್ದು, ತಹಸೀಲ್ದಾರರೇ ಮೊದಲಾದ ಅಧಿಕಾರಿಗಳು ಆಡಳಿತಾಧಿಕಾರಿಗಳಾಗಿ, ನಿಜಾಮನ ಕಾಲದ ತಾಲ್ಲೂಕು ಬೋರ್ಡಿನಂತೆಯೇ, ತಾವೇ ಊರಿನ ಹೊಣೆ ಹೊತ್ತರು. ಪಟ್ಟಣವಾದ ಊರಿನ ಕೂಲಿಕಾರ ಹೆಣ್ಣುಮಗಳು ಮನೆ ಹಂಚುವ ಪಟ್ಟಿಯಿಂದ ತನ್ನ ಹೆಸರು ಯಾಕೆ ತಪ್ಪಿತೆಂದು ಕೇಳಬೇಕಾದರೆ ವಾರ್ಡಿನ ಸದಸ್ಯರ ಮನೆಗೋ ಕಚೇರಿಯ ಕಿಟಕಿಗೋ ಹೋಗಬೇಕು; ನೆರೆಯ ಹಳ್ಳಿಯ ಹೆಣ್ಣುಮಗಳು ಅದೇ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಮತ್ತು ಅಧ್ಯಕ್ಷರು ಅದನ್ನು ನಡಾವಳಿಯಲ್ಲಿ ಬರೆಸಬೇಕು.